ಟ್ರಂಕಿನೊಳಗೆ 41 ಪುಸ್ತಕ, ಕನ್ನಡದ್ದು ಒಂದೂ ಇಲ್ಲ: ನಮ್ಮ ಕಿಂಕ್ ಬಳಗದವರು ಏನು ಓದುತ್ತೀರಿ, ಎಲ್ಲಿ ಓದುತ್ತೀರಿ?

ಬಾವುಟಗುಡ್ಡೆ ಓದುಗಿ:

ಮೊನ್ನೆ ಆಟಿಯ ಮಳೆ ಒಂದು ಮಧ್ಯಾಹ್ನ ಬಿಡುವು ಕೊಟ್ಟಿತು. ಸಿಕ್ಕಿದ ಬಿಸಿಲು ಹಾಳು ಮಾಡುವುದು ಬೇಡ ಅಂತ ಮಂಚದ ಅಡಿಯಿಂದ ತಗಡಿನ ಟ್ರಂಕ್ ಎಳೆದು ತೆರೆದೆ. ಬೂಸ್ಟಿನ ವಾಸನೆ ಮೂಗಿಗೆ ಹೊಡೆಯಿತು. ಮೇಲಿದ್ದ ಪುಸ್ತಕದ ಬೆನ್ನಿಗೆ ಹಸಿರು ಬೆರೆತ ಬಿಳಿ ಪುಡಿ. ಪಕ್ಕದಲ್ಲಿ ಸುತ್ತಿ ಇಟ್ಟಿದ್ದ ನನ್ನ ಲೆದರ್ ಬೆಲ್ಟಿಗೂ ಅದೇ ಪುಡಿ. ನಮ್ಮ ಕರಾವಳಿಯ ಮಳೆಗೆ ಕಾಗದ, ತೊಗಲು ಎರಡೂ ಒಂದೇ. ಒಣ ಬಟ್ಟೆಯಲ್ಲಿ ಒರೆಸಿ, ಪುಟ ಬಿಡಿಸಿ, ಫ್ಯಾನಿನ ಕೆಳಗೆ ನೆಲದ ಮೇಲೆ ಹರಡಿದೆ. ಎಣಿಸಿದರೆ 41 ಪುಸ್ತಕ. ಅದರಲ್ಲಿ ಕನ್ನಡದ್ದು ಒಂದೂ ಇಲ್ಲ.

ಅದೊಂದು ಮನಸ್ಸಿನಿಂದ ಹೋಗ್ತಾ ಇಲ್ಲ. ಅದಕ್ಕೇ ಬರೆಯಲು ಕುಳಿತೆ.

ಟ್ರಂಕಿನ ವಿಷಯ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಿಂಕ್ ಅಂದರೆ ಹಗ್ಗ, ಲೆದರ್, ನೋವು, ಆಳುವ ಮಣಿಯುವ ಆಟ, ಇಂಥದ್ದರಲ್ಲಿ ಇಬ್ಬರೂ ಒಪ್ಪಿ ಸುಖ ಕಾಣುವುದು. ಮಂಗಳೂರು, ಉಡುಪಿ ಕಡೆಯ ನಮ್ಮ ಹದಿನೈದು ಇಪ್ಪತ್ತು ಜನ ಹನ್ನೊಂದು ವರ್ಷದಿಂದ ಇದರಿಂದಲೇ ಪುಸ್ತಕ ಒಯ್ದು ಓದುತ್ತಿದ್ದಾರೆ. ಹಗ್ಗ ಕಟ್ಟುವ ಕ್ರಮ, ಒಪ್ಪಿಗೆಯ ಮಾತುಕತೆ, ಲೆದರ್ ಬಳಗದ, ಅಂದರೆ ಚರ್ಮದ ಉಡುಪಿನ ಸುತ್ತ ಬೆಳೆದ ಕಿಂಕ್ ಗುಂಪುಗಳ ಇತಿಹಾಸ, ಒಂದಷ್ಟು ಕತೆ ಕಾದಂಬರಿ. ಕೆಲವು ನಾನು ಕೊಂಡದ್ದು, ಕೆಲವು ಹೊರದೇಶದಿಂದ ಬಂದವರು ಬ್ಯಾಗಿನ ತಳದಲ್ಲಿ ತಂದದ್ದು. ಎಲ್ಲಕ್ಕೂ ಹಳೇ ಕ್ಯಾಲೆಂಡರ್ ಹಾಳೆಯ ಬೈಂಡ್ ಹಾಕಿದ್ದೇನೆ. ಮೇಲೆ ಹೆಸರಿಲ್ಲ, ನಂಬರ್ ಮಾತ್ರ.

ನಾನು ನನ್ನ ಬಗ್ಗೆ ಮೊದಲು ಓದಿದ್ದು 19ನೇ ವಯಸ್ಸಿನಲ್ಲಿ, ಕಾಲೇಜಿನ ಲೈಬ್ರರಿಯಲ್ಲಿ, ನಿಂತುಕೊಂಡೇ. ಲೈಬ್ರರಿಯವರು ವಿಷಯದ ಪ್ರಕಾರ ಪುಸ್ತಕಕ್ಕೆ ಹಾಕುವ ಡ್ಯೂಯಿ ನಂಬರಿನ 616ರ ಕಪಾಟು. 616 ಅಂದರೆ ಕಾಯಿಲೆಗಳು. ದಪ್ಪ ಮನೋವೈದ್ಯಕೀಯ ಪುಸ್ತಕದಲ್ಲಿ ಒಂದೂವರೆ ಪುಟ. ಓದಿ ಮುಗಿಸುವಾಗ ಕೈ ತಣ್ಣಗಾಗಿತ್ತು. ನನಗೆ ರೋಗ ಉಂಟು ಅಂತ ಆ ದಿನ ಒಳಗೆ ಹೊಕ್ಕದ್ದು ಹೊರಗೆ ಹೋಗಲು ಹನ್ನೆರಡು ವರ್ಷ ಬೇಕಾಯಿತು. ಅದೇ ಡ್ಯೂಯಿಯಲ್ಲಿ 306.77 ಅಂತ ಬೇರೊಂದು ಜಾಗ ಉಂಟು. ಅದು ಸಮಾಜದ ವಿಭಾಗ, ಜನ ಹೇಗೆ ಬದುಕುತ್ತಾರೆ, ಹೇಗೆ ಕೂಡುತ್ತಾರೆ ಅನ್ನುವುದು. ನಾನು ನಿಂತಲ್ಲಿಂದ ನಾಲ್ಕು ಕಪಾಟು ಆಚೆ. ಅಲ್ಲಿ ಆ ಲೈಬ್ರರಿಯಲ್ಲಿ ನಮ್ಮ ವಿಷಯದ್ದು ಒಂದೂ ಇರಲಿಲ್ಲ.

ನಮ್ಮ ದೇಶದ ಲೈಬ್ರರಿಗಳಿಗೆ ದಾರಿ ಹಾಕಿಕೊಟ್ಟ ಎಸ್.ಆರ್. ರಂಗನಾಥನ್ 1917ರಲ್ಲಿ ಮೇಷ್ಟ್ರ ಕೆಲಸಕ್ಕೆ ಸೇರಿದ್ದು ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿಗೇ, ಗಣಿತ ಕಲಿಸಲು. ಈಗ ಹಂಪನಕಟ್ಟೆಯಲ್ಲಿ ಯೂನಿವರ್ಸಿಟಿ ಕಾಲೇಜು ಅನ್ನುತ್ತೇವಲ್ಲ, ಅದೇ. 1931ರಲ್ಲಿ ಅವರು ಐದು ಸೂತ್ರ ಬರೆದರು. ಎರಡನೆಯದು: ಪ್ರತಿ ಓದುಗನಿಗೂ ಅವನ ಪುಸ್ತಕ. ಮೂರನೆಯದು: ಪ್ರತಿ ಪುಸ್ತಕಕ್ಕೂ ಅದರ ಓದುಗ. ಪ್ರತಿ ಅಂದರೆ ಪ್ರತಿ. ಅದರಲ್ಲಿ ನಾವೂ ಬರುತ್ತೇವೆ.

ನೀವು ಏನು ಓದುತ್ತೀರಿ, ಹೇಗೆ ಸಿಗುತ್ತದೆ, ಎಲ್ಲಿ ಇಡುತ್ತೀರಿ, ಸಿಗದೆ ಏನಾಯಿತು? ಬರೆಯಿರಿ. ಉದ್ದ ಆದರೆ ಆಗಲಿ.


ಪಡುಬಿದ್ರಿ ಗಾಳಿ:

ಅಕ್ಕ, ಸಿಗದೆ ಏನಾಯಿತು ಅಂತ ಕೇಳಿದ್ದೀರಿ. ನಾನು ಹೇಳುತ್ತೇನೆ. ಇಷ್ಟು ದಿನ ಯಾರಿಗೂ ಹೇಳಿಲ್ಲ.

ನನಗೀಗ 27. ಪುಸ್ತಕ ಅಂತ ಓದಿದ್ದೇ ಕಡಿಮೆ, ಎಲ್ಲ ಫೋನಲ್ಲಿ ನೋಡಿ ಕಲಿತದ್ದು. ಹಗ್ಗ ಅಂದರೆ ನನಗೆ ಮೊದಲಿನಿಂದಲೂ ಇಷ್ಟ. ಒಂದು ವಿಡಿಯೋ ನೋಡಿ ನಾನೂ ನನ್ನ ಗೆಳೆಯನೂ ಮಾಡಿದೆವು. ಅವನು ನನ್ನ ತೋಳಿನ ಮೇಲುಭಾಗಕ್ಕೆ ಬಿಗಿಯಾಗಿ ಸುತ್ತಿದ. ಸ್ವಲ್ಪ ಹೊತ್ತಿಗೆ ಹೆಬ್ಬೆರಳು ಜುಮ್ ಅನ್ನಲು ಶುರುವಾಯಿತು. ಅದು ಸಹಜ ಅಂದುಕೊಂಡೆ. ಬಿಚ್ಚಿದ ಮೇಲೆ ಕೈಯ ಮಣಿಕಟ್ಟು ಮೇಲೆ ಏಳುತ್ತಲೇ ಇಲ್ಲ. ಹಾಗೇ ಜೋತು ಬಿದ್ದಿದೆ. ಲೋಟ ಹಿಡಿಯಲು ಆಗಲಿಲ್ಲ.

ಮರುದಿನ ಡಾಕ್ಟರ ಹತ್ತಿರ ಹೋದಾಗ ಅವರೇ, ತೋಳಿನ ಮೇಲೆ ಮಲಗಿದ್ದೀರಾ ಅಂತ ಕೇಳಿದರು. ಹೌದು ಅಂದೆ. ರೇಡಿಯಲ್ ನರ ಅಂತೆ. ತೋಳಿನ ಹೊರಬದಿಯಲ್ಲಿ ಮೂಳೆಗೆ ಅಂಟಿಕೊಂಡೇ ಹೋಗುತ್ತದೆ, ಒತ್ತಿದರೆ ಹೀಗಾಗುತ್ತದೆ. ಸರಿ ಆಗಲು ಆರು ವಾರ ಹಿಡಿಯಿತು. ಬೈಕ್ ಓಡಿಸುವ ಹಾಗಿಲ್ಲ, ಕೆಲಸಕ್ಕೆ ಎಡಗೈಯಲ್ಲಿ ಟೈಪ್ ಮಾಡಿ ಸಾಗಿಸಿದೆ. ಮನೆಯಲ್ಲಿ ಅಮ್ಮ ಅನ್ನ ಕಲಸಿ ಕೊಡುವಾಗ ಅಳು ಬಂತು.

ಆಮೇಲೆ ನಿಮ್ಮ ಟ್ರಂಕಿನ 12ನೇ ನಂಬರ್ ಓದಿದೆ. ಅದರಲ್ಲಿ ಒಂದು ಇಡೀ ಅಧ್ಯಾಯ ಇದೇ ನರದ ಮೇಲೆ, ಚಿತ್ರ ಸಮೇತ. ಜುಮ್ ಅಂದರೆ ಆ ಕ್ಷಣವೇ ಬಿಚ್ಚಿ, ಕಾಯಬೇಡಿ, ತುದಿ ಮೊಂಡಾದ ಕತ್ತರಿ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ ಅಂತ ದಪ್ಪ ಅಕ್ಷರದಲ್ಲಿ ಉಂಟು. ಎರಡು ತಿಂಗಳ ಮೊದಲು ಓದಿದ್ದರೆ ಸಾಕಿತ್ತು. ವಿಡಿಯೋದಲ್ಲಿ ಕಟ್ಟುವುದನ್ನು ಮಾತ್ರ ತೋರಿಸುತ್ತಾರೆ, ಬಿಚ್ಚುವುದನ್ನು ಕತ್ತರಿಸಿ ಬಿಟ್ಟಿರುತ್ತಾರೆ.


ಬಾವುಟಗುಡ್ಡೆ ಓದುಗಿ:

ಮಾರಾಯ, ನೀನು ಆ ಪುಸ್ತಕ ವಾಪಸ್ ಕೊಡುವಾಗ ಒಂದು ಮಾತೂ ಹೇಳಲಿಲ್ಲ. ಕೈ ಈಗ ಪೂರ್ತಿ ಸರಿ ಉಂಟಲ್ಲ? ಜುಮ್ ಅನ್ನುವುದು, ಮರಗಟ್ಟುವುದು ಇನ್ನೂ ಬರುತ್ತಿದ್ದರೆ ನರದ ಡಾಕ್ಟರಿಗೆ ತೋರಿಸು, ಈ ಸಲ ನಿಜ ಹೇಳು. ಇಲ್ಲಿ ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ಹೊಸಬರು ಯಾರಾದರೂ ಇದನ್ನು ಓದುತ್ತಾರೆ.


ಮಣ್ಣಪಳ್ಳ:

ನಾನು ಲೈಬ್ರರಿಯಲ್ಲಿ ಕೆಲಸ ಮಾಡುವವನು. ಯಾವುದು ಅಂತ ಹೇಳುವುದಿಲ್ಲ. ಓದುಗಿ ಅಕ್ಕ ಹೇಳಿದ 616 ಮತ್ತು 306 ನನಗೆ ದಿನಾ ಕಾಣುವ ವಿಷಯ, ಅದಕ್ಕೆ ಎರಡು ಮಾತು.

ಒಂದು, ಆ ಹಳೇ ದಪ್ಪ ಪುಸ್ತಕಗಳು ಇನ್ನೂ ಕಪಾಟಿನಲ್ಲಿ ಉಂಟು, ಆದರೆ ವೈದ್ಯರೇ ಆ ಜಾಗ ಬಿಟ್ಟು ಮುಂದೆ ಹೋಗಿ ಆಯಿತು. ಅಮೆರಿಕದ ಮನೋವೈದ್ಯರ ಕೈಪಿಡಿ, 2013ರ ಡಿಎಸ್ಎಂ-5, ಬರೀ ಆಸಕ್ತಿ ಬೇರೆ, ಕಾಯಿಲೆ ಬೇರೆ ಅಂತ ಬಿಡಿಸಿ ಹೇಳಿತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ಐಸಿಡಿ-11 ಇನ್ನೂ ಮುಂದೆ ಹೋಗಿ, ಒಪ್ಪಿಗೆಯಿಂದ ನಡೆಯುವ ಸ್ಯಾಡೋಮ್ಯಾಸೊಕಿಸಂ (ನೋವು ಕೊಡುವುದರಲ್ಲಿ, ಪಡೆಯುವುದರಲ್ಲಿ ಸುಖ), ಫೆಟಿಶಿಸಂ (ಒಂದು ವಸ್ತುವಿನ ಮೇಲೆ ಆಸೆ) ಎರಡನ್ನೂ ರೋಗಗಳ ಪಟ್ಟಿಯಿಂದ ತೆಗೆಯಿತು. ಅದು 2022ರ ಜನವರಿ 1ರಿಂದ ಜಾರಿಗೆ ಬಂತು. ಆದರೆ ಲೈಬ್ರರಿಗೆ ಹೊಸ ಆವೃತ್ತಿ ತರಿಸಲು ದುಡ್ಡು ಬೇಕು, ಹಳೆಯದನ್ನು ತೆಗೆಯಲು ಸಮಿತಿ ಸೇರಬೇಕು. ಹಾಗಾಗಿ 19 ವರ್ಷದ ಹುಡುಗಿ ಇವತ್ತು ಅದೇ ಕಪಾಟಿನ ಮುಂದೆ ನಿಂತರೆ ಅದೇ ಒಂದೂವರೆ ಪುಟ ಓದುತ್ತಾಳೆ. ನನಗೆ ಇದು ತುಂಬಾ ನೋವಿನ ವಿಷಯ.

ಎರಡು, ಕೇಳುವುದಕ್ಕೆ ಹೆದರಬೇಡಿ. ಸಾರ್ವಜನಿಕ ಲೈಬ್ರರಿ ನಮ್ಮ ದುಡ್ಡಿನದ್ದೇ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಮನೆ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತೇವೆ, ಈಗ 6%. ಇಂಥ ಪುಸ್ತಕ ಬೇಕು ಅಂತ ಬರೆದು ಕೊಡಬಹುದು. ನೇರ ನಮ್ಮ ವಿಷಯದ್ದು ಕೇಳಲು ಧೈರ್ಯ ಇಲ್ಲದಿದ್ದರೆ ಲೈಂಗಿಕ ಆರೋಗ್ಯ, ಮನಶ್ಶಾಸ್ತ್ರ, ಲಿಂಗ ಅಧ್ಯಯನದ ಹೊಸ ಪುಸ್ತಕ ಕೇಳಿ. ಅವುಗಳಲ್ಲಿ ಈಗ ನಮ್ಮ ಬಗ್ಗೆ ಮರ್ಯಾದೆಯಿಂದ ಬರೆದ ಅಧ್ಯಾಯಗಳು ಇರುತ್ತವೆ. ಮನೆಗೆ ಒಯ್ಯಲು ಸಂಕೋಚ ಆದರೆ ಅಲ್ಲೇ ಕುಳಿತು ಓದಿ. ಅಲ್ಲೇ ಓದಿದ್ದಕ್ಕೆ ನಿಮ್ಮ ಹೆಸರಿನ ಎದುರು ಏನೂ ದಾಖಲಾಗುವುದಿಲ್ಲ.

ಕಾನೂನಿನ ಭಯವನ್ನೂ ಹಲವರು ಕೇಳುತ್ತಾರೆ. ನಾನು ವಕೀಲ ಅಲ್ಲ. ಆದರೆ ಅಶ್ಲೀಲ ಪುಸ್ತಕದ ಕಲಂ, ಮೊದಲು ಐಪಿಸಿ 292, ಈಗ ಭಾರತೀಯ ನ್ಯಾಯ ಸಂಹಿತೆಯ (ಬಿಎನ್ಎಸ್) 294, ವಿಜ್ಞಾನ, ಸಾಹಿತ್ಯ, ಕಲೆ, ಕಲಿಕೆಯ ಹಿತಕ್ಕಾಗಿ ಇರುವ ಪುಸ್ತಕಕ್ಕೆ ವಿನಾಯಿತಿ ಕೊಡುತ್ತದೆ. 2014ರಲ್ಲಿ ಸುಪ್ರೀಂ ಕೋರ್ಟು ಕೂಡ ಹಳೇ ಇಂಗ್ಲಿಷ್ ಅಳತೆಗೋಲು ಬಿಟ್ಟು, ಇಡಿಯಾಗಿ ನೋಡಬೇಕು, ಇಂದಿನ ಸಮಾಜದ ಕಣ್ಣಿನಿಂದ ನೋಡಬೇಕು ಅಂದಿತು. ಪುಸ್ತಕ ಓದುವುದು ಬೇರೆ, ಫೋಟೋ ವಿಡಿಯೋ ಫಾರ್ವರ್ಡ್ ಮಾಡುವುದು ಬೇರೆ. ಎರಡನೆಯದಕ್ಕೆ ಐಟಿ ಕಾಯ್ದೆಯ 67 ಉಂಟು, ಅದನ್ನು ಹಗುರ ಮಾಡಿಕೊಳ್ಳಬೇಡಿ.


ನೇತ್ರಾವತಿ ದಂಡೆ:

ಮಣ್ಣಪಳ್ಳ ಅವರೇ, ನೀವು ಕೇಳಿ ಅನ್ನುತ್ತೀರಿ. ನಾನು ಕೇಳಿದ್ದೆ. ಕೌಂಟರಿನಲ್ಲಿ ಇದ್ದವರು ಹೆಸರನ್ನು ಜೋರಾಗಿ ಓದಿ, ಒಳಗಿನವರನ್ನು ಕರೆದು, ಇದು ಎಂತ ಪುಸ್ತಕ ನೋಡಿ ಅಂದರು. ಹಿಂದೆ ಸಾಲಿನಲ್ಲಿ ನನ್ನ ಪಕ್ಕದ ಮನೆಯ ಹುಡುಗ. ಆಮೇಲೆ ನಾನು ಆ ಮೆಟ್ಟಿಲು ಹತ್ತಿಲ್ಲ. ಅಲ್ಲಿನ ರಿಜಿಸ್ಟರ್ ಕೂಡ ಮೇಜಿನ ಮೇಲೆ ತೆರೆದೇ ಇರುತ್ತಿತ್ತು. ಯಾರು ಯಾವ ಪುಸ್ತಕ ಒಯ್ದರು ಅಂತ ಸಹಿ ಹಾಕುವವರೆಲ್ಲ ಓದಬಹುದು.

ನಾನು ಆಮೇಲೆ ಇಂಟರ್ನೆಟ್ ಆರ್ಕೈವ್ ಅನ್ನುವ ಆನ್‌ಲೈನ್ ಲೈಬ್ರರಿಯಲ್ಲಿ ಎರವಲು ತೆಗೆದು ಓದುತ್ತಿದ್ದೆ. ಒಂದು ಗಂಟೆಗೆ ಒಂದು ಪುಸ್ತಕ, ಮತ್ತೆ ತೆಗೆಯುವುದು, ಮತ್ತೆ ಓದುವುದು. ಪ್ರಕಾಶಕರ ಕೇಸಿನಿಂದ 5 ಲಕ್ಷಕ್ಕೂ ಜಾಸ್ತಿ ಪುಸ್ತಕ ಎರವಲಿನಿಂದ ಹೋಯಿತು, 2024ರ ಸೆಪ್ಟೆಂಬರಿನಲ್ಲಿ ಮೇಲ್ಮನವಿಯಲ್ಲೂ ಆರ್ಕೈವಿನವರು ಸೋತರು. ನಾನು ಅರ್ಧ ಓದಿದ್ದ ಪುಸ್ತಕಗಳಲ್ಲಿ ಎರಡು ಕಾಣೆ. ಬರೆದವರಿಗೆ ದುಡ್ಡು ಸಿಗಬೇಕು, ಒಪ್ಪುತ್ತೇನೆ. ಆದರೆ ಆ ಎರಡು ಪುಸ್ತಕ ಇಲ್ಲಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.


ಮಣ್ಣಪಳ್ಳ:

ಆ ಕೌಂಟರಿನಲ್ಲಿ ನಡೆದದ್ದು ತಪ್ಪು. ಓದುಗ ಏನು ಓದುತ್ತಾನೆ ಅನ್ನುವುದು ಅವನಿಗೂ ಪುಸ್ತಕಕ್ಕೂ ಬಿಟ್ಟದ್ದು, ನಮಗೆ ತರಬೇತಿಯಲ್ಲಿ ಇದನ್ನು ಹೇಳಿಕೊಡುತ್ತಾರೆ. ನಮ್ಮ ವೃತ್ತಿಯವನಾಗಿ ನಿಮ್ಮ ಕ್ಷಮೆ ಕೇಳುತ್ತೇನೆ.


ಕುಂದಾಪುರದ ಹಿರಿಯ:

ನನಗೆ 63 ವರ್ಷ. ಹಡಗಿನ ಇಂಜಿನ್ ರೂಮಿನಲ್ಲಿ ದುಡಿದವನು, ಲೆದರ್ ಬಳಗಕ್ಕೆ ಸೇರಿದವನು. ಎರಡು ಕತೆ ಹೇಳಬೇಕು.

ಮೊದಲನೆಯದು. ಅಮೆರಿಕದಲ್ಲಿ ಲೆದರ್ ಬಳಗ ಬೆಳೆದದ್ದು ಎರಡನೇ ಮಹಾಯುದ್ಧದ ನಂತರ. ಯುದ್ಧದಿಂದ ವಾಪಸ್ ಬಂದ ಗಂಡಸರು ಮೋಟಾರ್ ಸೈಕಲ್ ಕ್ಲಬ್ ಕಟ್ಟಿದರು. ಲಾಸ್ ಏಂಜಲೀಸಿನ ಸ್ಯಾಟರ್ಸ್ ಕ್ಲಬ್ 1954ರದ್ದು. ಅಂಥ ಬಳಗಕ್ಕೆ 80ರ ದಶಕದಲ್ಲಿ ಏಡ್ಸ್ ಬಂತು. ಒಬ್ಬೊಬ್ಬರೇ ಹೋಗುತ್ತಿದ್ದರು. ಸತ್ತವರ ಮನೆಯವರು ಬಂದು ಜಾಕೆಟ್, ಬೂಟು, ಡೈರಿ, ಪತ್ರ, ಪತ್ರಿಕೆ ಎಲ್ಲ ಕಸಕ್ಕೆ ಹಾಕುತ್ತಿದ್ದರು. ಅದನ್ನು ನೋಡಲಾಗದೆ ಚಕ್ ರೆನ್ಸ್‌ಲೋ ಮತ್ತು ಟೋನಿ ಡಿಬ್ಲೇಸ್ 1991ರಲ್ಲಿ ಷಿಕಾಗೋದಲ್ಲಿ ಲೆದರ್ ಆರ್ಕೈವ್ಸ್ ಅಂಡ್ ಮ್ಯೂಸಿಯಂ ಶುರು ಮಾಡಿದರು. ಈಗ ಅದು ಇರುವುದು ಹಿಂದೆ ಯಹೂದಿಗಳ ಪ್ರಾರ್ಥನಾ ಮಂದಿರ ಆಗಿದ್ದ ಕಟ್ಟಡದಲ್ಲಿ. ನನ್ನ ಅತ್ತೆಯ ಮಗ ಅಲ್ಲೇ ಹತ್ತಿರ ಇದ್ದ, ಹಾಗಾಗಿ ಒಮ್ಮೆ ಹೋಗುವ ಭಾಗ್ಯ ಸಿಕ್ಕಿತು. ಒಳಗೆ ಲೈಬ್ರರಿ ಉಂಟು. ಒಬ್ಬರು ಹಳೇ ಪತ್ರಿಕೆಯ ಒಂದು ಸಂಚಿಕೆ ತಂದು ನನ್ನ ಮುಂದೆ ಮೇಜಿನ ಮೇಲೆ ಇಟ್ಟರು. ಎರಡೂ ಕೈಯಲ್ಲಿ ಹಿಡಿದು ಇಟ್ಟರು, ನಾವು ದೇವರ ಎದುರು ಹರಿವಾಣ ಇಡುವ ಹಾಗೆ. ಯಾಕೆ ಓದುತ್ತೀರಿ, ಯಾರಿಗಾಗಿ ಅಂತ ಕೇಳಲಿಲ್ಲ. ನೀರು ಬೇಕಾ ಅಂತ ಕೇಳಿದರು. ಅಷ್ಟೇ.

ಎರಡನೆಯದು ಇಲ್ಲಿಯದು. ನನಗೊಬ್ಬ ಸಂಗಾತಿ ಇದ್ದ. ಇಪ್ಪತ್ತು ವರ್ಷ ಜೊತೆಗಿದ್ದೆವು, ಒಂದೇ ಮನೆಯಲ್ಲಿ ಅಲ್ಲ. ಓದುವ ಹುಚ್ಚು ಅವನಿಗೆ. ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆಯುತ್ತಿದ್ದ, ಕನ್ನಡದಲ್ಲೇ, ಇದು ಸರಿ, ಇದು ನಮ್ಮಲ್ಲಿ ನಡೆಯದು, ಇದನ್ನು ಅವನಿಗೆ ಹೇಳಬೇಕು ಅಂತ. ಅವನು ಅಂದರೆ ನಾನು. ಅವನು ತೀರಿಕೊಂಡ ಹದಿಮೂರನೇ ದಿನ ಕಳೆದು ಮನೆಗೆ ಹೋದರೆ ಕಪಾಟು ಖಾಲಿ. ಅವನ ಅಣ್ಣ ಎಲ್ಲವನ್ನೂ ಗುಜರಿಗೆ ಹಾಕಿದ್ದ. ಯಾವ ಗುಜರಿ ಅಂತ ಕೇಳಿಕೊಂಡು ಹೋದೆ. ತಕ್ಕಡಿಯ ಪಕ್ಕ ಹಳೇ ಪೇಪರಿನ ರಾಶಿ. ಮಂಡಿಯೂರಿ ಹುಡುಕಿದೆ. ಮೂರು ಪುಸ್ತಕ ಸಿಕ್ಕಿತು. ಕಿಲೋ ಲೆಕ್ಕದಲ್ಲಿ ತೂಗಿ ಕೊಟ್ಟರು. ಓದುಗಿಯ ಟ್ರಂಕಿನ 3, 4, 5ನೇ ನಂಬರ್ ಅವೇ. ಪೆನ್ಸಿಲಿನ ಅಕ್ಷರ ಕಂಡರೆ ಅಳಿಸಬೇಡಿ.

ಹಾಗಾಗಿ ನನ್ನ ಕೋರಿಕೆ ಒಂದೇ. ನಿಮ್ಮ ನಂತರ ಪುಸ್ತಕ ಯಾರಿಗೆ ಅಂತ ಒಂದು ಚೀಟಿ ಬರೆದು ಇಡಿ. ಸುಮ್ನೆ ಮಾತಿನಲ್ಲಿ ಹೇಳಿದರೆ ಸಾಲದು.


ಪಡುಬಿದ್ರಿ ಗಾಳಿ:

ಮಾಮ, 4ನೇ ನಂಬರ್ ನಾನು ಓದಿದ್ದೆ. ಅದರಲ್ಲಿ ಒಂದು ಕಡೆ "ಇವತ್ತು ಮಳೆ, ಅವನು ಬರಲಿಲ್ಲ" ಅಂತ ಉಂಟು. ಯಾರು ಬರೆದದ್ದು ಅಂತ ಎಷ್ಟೋ ದಿನ ಯೋಚಿಸಿದ್ದೆ.


ಕುಂದಾಪುರದ ಹಿರಿಯ:

ಆ ದಿನ ಸೌಪರ್ಣಿಕಾ ಹೊಳೆ ತುಂಬಿತ್ತು, ಬಸ್ಸು ಬಿಡಲಿಲ್ಲ.


ಹೆಜಮಾಡಿ:

ಎಲ್ಲ ಓದಿದೆ. ನಾನು ಹೇಳುವುದು ಸ್ವಲ್ಪ ಬೇರೆ.

ಲೆದರ್ ಲೆದರ್ ಅಂತ ಇಲ್ಲಿ ಎಲ್ಲರೂ ಪ್ರೀತಿಯಿಂದ ಬರೆಯುತ್ತಿದ್ದೀರಿ. ನನಗೂ ಅದರ ಮೇಲೆ ಪ್ರೀತಿ ಉಂಟು, ಇಲ್ಲದಿದ್ದರೆ ಈ ಬಳಗದಲ್ಲಿ ಇರುತ್ತಿರಲಿಲ್ಲ. ಆದರೆ ನನ್ನ ಅಜ್ಜ ಸತ್ತ ದನದ ಚರ್ಮ ಸುಲಿದು ಹದ ಮಾಡುತ್ತಿದ್ದವರು. ಸುಣ್ಣದ ನೀರಿನಲ್ಲಿ ನೆನೆಹಾಕುವುದು, ಕೂದಲು ಕೆರೆಯುವುದು, ಮರದ ತೊಗಟೆಯ ನೀರಿನಲ್ಲಿ ಮುಳುಗಿಸಿಡುವುದು. ಅವರ ಉಗುರಿನ ಬಣ್ಣ ಸಾಯುವ ತನಕ ಹೋಗಲಿಲ್ಲ. ಅವರು ಹದ ಮಾಡಿದ ಚರ್ಮ ಚೆಂಡೆಗೆ ಹೋಗುತ್ತಿತ್ತು. ಚೆಂಡೆ ದೇವಸ್ಥಾನದ ಒಳಗೆ, ಅಜ್ಜ ಹೊರಗೆ. ಟ್ರಂಕಿನ 41 ಪುಸ್ತಕದಲ್ಲಿ ನಾನು 20 ಓದಿದ್ದೇನೆ. ಚರ್ಮದ ವಾಸನೆ, ಹೊಳಪು, ಅದನ್ನು ಹಾಕಿದಾಗ ಬರುವ ಧೈರ್ಯ ಎಲ್ಲದರ ಬಗ್ಗೆ ಉಂಟು. ಅದನ್ನು ಹದ ಮಾಡಿದ ಕೈಯ ಬಗ್ಗೆ ಒಂದು ಸಾಲೂ ಇಲ್ಲ.

ಇನ್ನೊಂದು. ಕನ್ನಡದಲ್ಲಿ ಬರೆಯಬೇಕು ಅಂತ ನಿಮಗೆ ಆಸೆ ಉಂಟು ಅಂತ ಗೊತ್ತು. ಬರೆಯಿರಿ. ಆದರೆ ಆಟದಲ್ಲಿ ಆಳುವವರಿಗೆ ಹೇಳುವ ಮಾಸ್ಟರ್ ಅನ್ನುವುದಕ್ಕೆ ದಣಿ ಅಂತ, ಮಣಿಯುವವರಿಗೆ ಆಳು ಅಂತ ದಯವಿಟ್ಟು ಬರೆಯಬೇಡಿ. ಕಳೆದ ಸಲ ಸೇರಿದಾಗ ಒಬ್ಬರು ಹಾಗೆ ಹೇಳಿದರು, ನಾನು ಎದ್ದು ಹೊರಗೆ ಹೋಗಿದ್ದು ಅದಕ್ಕೇ. ನಮ್ಮ ಊರಲ್ಲಿ ದಣಿ ಅಂದರೆ ಆಟ ಅಲ್ಲ. 1974ರ ಭೂಸುಧಾರಣೆ ತಿದ್ದುಪಡಿ ಬರುವ ತನಕ ನನ್ನ ಅಜ್ಜಿ ದಣಿಯ ಅಂಗಳಕ್ಕೆ ಕಾಲಿಡುವ ಹಾಗಿರಲಿಲ್ಲ. ಅಲ್ಲಿ ಯಾರೂ ಅವಳ ಒಪ್ಪಿಗೆ ಕೇಳಿರಲಿಲ್ಲ, ಸಾಕು ಅಂದರೆ ನಿಲ್ಲಿಸುವವರು ಇರಲಿಲ್ಲ. ನಾವು ಮಾಡುವುದು ಅದಲ್ಲ. ಹಾಗಾಗಿ ಆ ಮಾತೂ ಬೇಡ.


ಬಾವುಟಗುಡ್ಡೆ ಓದುಗಿ:

ಹೆಜಮಾಡಿ, ನೀವು ಹೊರಗೆ ಹೋದಾಗ ನಾನು ಹಿಂದೆ ಬರಬೇಕಿತ್ತು. ಬರಲಿಲ್ಲ. ತಪ್ಪಾಯಿತು.

ಎರಡು ದಿನ ಇದನ್ನೇ ಯೋಚಿಸಿದೆ. ಆಸ್ಟ್ರಿಯಾದ ಕ್ರಾಫ್ಟ್ ಎಬಿಂಗ್ ಅನ್ನುವ ಮನೋವೈದ್ಯ 1886ರಲ್ಲಿ ನಮ್ಮಂಥವರ ಬಗ್ಗೆ ದೊಡ್ಡ ಪುಸ್ತಕ ತಂದ. ಅದರಲ್ಲಿ ಮುಖ್ಯ ಭಾಗಗಳನ್ನು ಬೇಕೆಂದೇ ಲ್ಯಾಟಿನ್‌ನಲ್ಲಿ ಬರೆದ. ಸಾಮಾನ್ಯ ಜನ ಓದಬಾರದು, ವೈದ್ಯರು ವಕೀಲರು ಮಾತ್ರ ಓದಬೇಕು ಅಂತ. ಯಾರ ಬಗ್ಗೆ ಬರೆದನೋ ಅವರೇ ಓದುವ ಹಾಗಿಲ್ಲ! ಇಂಗ್ಲಿಷ್ ನಮಗೆ ಅದೇ ಆಗಿದೆ. ನನ್ನ ಟ್ರಂಕ್ ಕೂಡ ಬೀಗ ಇಲ್ಲದಿದ್ದರೂ ಬೀಗ ಹಾಕಿದ ಹಾಗೇ.

ಹಾಗಂತ ಆ ಪುಸ್ತಕಗಳನ್ನೇ ಅನುವಾದ ಮಾಡಿದರೂ ಆಗುವುದಿಲ್ಲ. ಅವು ಅಲ್ಲಿನವರು ಅಲ್ಲಿನವರಿಗೆ ಬರೆದದ್ದು. ಮೇಲೆ ಕಾಪಿರೈಟಿನ ಪ್ರಶ್ನೆಯೂ ಉಂಟು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1978ರಲ್ಲಿ ಸಮ್ವಾ (Samois) ಅಂತ ಲೆಸ್ಬಿಯನ್ನರ ಒಂದು ಗುಂಪು ಶುರುವಾಯಿತು. ತಮ್ಮ ಬಗ್ಗೆ ಪುಸ್ತಕ ಇಲ್ಲ ಅಂತ ಅವರೇ ಕುಳಿತು ಬರೆದರು, 1981ರಲ್ಲಿ ಪುಸ್ತಕವನ್ನೇ ತಂದರು. ನಾವೂ ಚಿಕ್ಕದಾಗಿ ಶುರು ಮಾಡೋಣ ಅಲ್ವಾ? ಇಪ್ಪತ್ತು ಮೂವತ್ತು ಪುಟ, ನಾವೇ ಬರೆದದ್ದು, ನಮ್ಮ ಕನ್ನಡದಲ್ಲಿ. ಗಾಳಿಯ ತೋಳಿನ ಕತೆ ಮೊದಲ ಅಧ್ಯಾಯ ಆಗಲಿ. ಲೆದರ್ ಅಧ್ಯಾಯ ಹೆಜಮಾಡಿ ಬರೆಯಲಿ, ಅಜ್ಜನ ಕೈಯಿಂದಲೇ ಶುರುವಾಗಲಿ.

ಮಾತುಗಳ ಬಗ್ಗೆ: ಮಾಸ್ಟರ್ ಹಾಗೇ ಇರಲಿ, ಅದಕ್ಕೆ ಕನ್ನಡ ಹುಡುಕುವುದೇ ಬೇಡ. ಕನ್ಸೆಂಟ್‌ಗೆ ಒಪ್ಪಿಗೆ. ಸೇಫ್‌ವರ್ಡ್‌ಗೆ ನಿಲ್ಲಿಸುವ ಮಾತು. ಆಫ್ಟರ್‌ಕೇರ್‌ಗೆ, ಅಂದರೆ ಆಟ ಮುಗಿದ ಮೇಲೆ ಒಬ್ಬರನ್ನೊಬ್ಬರು ನೋಡಿಕೊಳ್ಳುವುದಕ್ಕೆ, ನಾನು ತುಂಬಾ ಹುಡುಕಿದೆ, ಕೊನೆಗೆ ಆರೈಕೆ ಅಂತ ಬರೆದೆ. ಬಾಣಂತಿಗೆ ಮಾಡುತ್ತೇವಲ್ಲ, ಬಿಸಿನೀರು, ಹೊದಿಕೆ, ಹತ್ತಿರ ಕುಳಿತು ಮಾತು, ಅದೇ ಭಾವ. 1983ರಲ್ಲಿ ನ್ಯೂಯಾರ್ಕಿನ ಗೇ ಗಂಡಸರ ಜಿಎಂಎಸ್ಎಂಎ ಗುಂಪಿಗೆ ಡೇವಿಡ್ ಸ್ಟೈನ್ ಬರೆದ ಮೂರು ಮಾತು, ಸುರಕ್ಷಿತ, ವಿವೇಕದ, ಒಪ್ಪಿಗೆಯ ಅನ್ನುವುದು, ಅದು ಕನ್ನಡದಲ್ಲಿ ಸಲೀಸಾಗಿ ಕೂರುತ್ತದೆ. ಇನ್ನೂ ಒಳ್ಳೆಯ ಮಾತು ಇದ್ದರೆ ಹೇಳಿ.


ಅಜ್ಜರಕಾಡು ಮೇಡಂ:

ನಾನು ಕನ್ನಡ ಕಲಿಸುವವಳು. ಕನ್ನಡಕ್ಕೆ ಈ ವಿಷಯ ಹೊಸತು ಅಂತ ಯಾರೂ ಅಂದುಕೊಳ್ಳಬೇಡಿ. ಚಂದ್ರರಾಜ ಅನ್ನುವ ಕವಿ 11ನೇ ಶತಮಾನದಲ್ಲೇ ಕನ್ನಡದಲ್ಲಿ ಕಾಮಶಾಸ್ತ್ರದ ಕಾವ್ಯ ಬರೆದ, ಮದನತಿಲಕ ಅಂತ. ಅದಕ್ಕೂ ಎಷ್ಟೋ ಮೊದಲು ವಾತ್ಸ್ಯಾಯನ ಉಗುರಿನ ಗುರುತು, ಹಲ್ಲಿನ ಗುರುತು, ಹೊಡೆತ ಮತ್ತು ಅದಕ್ಕೆ ಬರುವ ಉಲಿತಗಳಿಗೇ ಬೇರೆ ಬೇರೆ ಅಧ್ಯಾಯ ಇಟ್ಟಿದ್ದಾನೆ. ಆದರೆ ಅದನ್ನು ತಲೆಯ ಮೇಲೆ ಹೊತ್ತು ಮೆರೆಸುವುದೂ ಬೇಡ. ಅಲ್ಲಿ ಹೆಣ್ಣಿನ ಮಾತಿಗೆ ಇರುವ ಬೆಲೆ ನಮಗೆ ಸಾಲದು. ಬೇಡ ಅಂದರೂ ಬೇಕು ಅಂತಲೇ ಅರ್ಥ ಅನ್ನುವ ಧಾಟಿ ಹಳೇ ಕಾವ್ಯದಲ್ಲಿ ಜಾಸ್ತಿ. ನಮ್ಮ ಪುಸ್ತಕದಲ್ಲಿ ಬೇಡ ಅಂದರೆ ಬೇಡ. ವ್ಯಾಕರಣ, ಕಾಗುಣಿತ ನಾನು ನೋಡಿಕೊಡುತ್ತೇನೆ.


ಶಂಕರಪುರ ಮಲ್ಲಿಗೆ:

ನಾನು ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ತಪ್ಪಿದ್ದರೆ ಕ್ಷಮಿಸಿ.

ನಮ್ಮದು ಕೂಡು ಮನೆ. ಅತ್ತೆ, ಮಾವ, ಮೈದುನ, ಮಕ್ಕಳು. ಪುಸ್ತಕ ಇಡಲು ನನಗೆ ಅಂತ ಒಂದು ಮೂಲೆಯೂ ಇಲ್ಲ. ಫೋನ್ ಮಕ್ಕಳ ಕೈಯಲ್ಲೇ ಇರುತ್ತದೆ. ಇಂಗ್ಲಿಷ್ ಅಷ್ಟು ಬರುವುದಿಲ್ಲ. ನನ್ನ ಗಂಡ ಒಳ್ಳೆಯವರು, ನಾವಿಬ್ಬರೂ ಕೆಲವು ಮಾತಾಡಿಕೊಂಡಿದ್ದೇವೆ, ಆದರೆ ಇಬ್ಬರಿಗೂ ಅದಕ್ಕೆ ಹೆಸರು ಗೊತ್ತಿಲ್ಲ, ತಪ್ಪಾ ಸರಿಯಾ ಗೊತ್ತಿಲ್ಲ. ಕೇಳಲು ಯಾರೂ ಇಲ್ಲ. ಇಲ್ಲಿ ಆರೈಕೆ ಅಂತ ಓದಿದಾಗ ಅದು ಏನು ಅಂತ ತಕ್ಷಣ ತಿಳಿಯಿತು. ನಾವು ಅದನ್ನು ಮಾಡುತ್ತಿದ್ದೆವು, ಹೆಸರಿಲ್ಲದೆ.

ನಾನು ಬೆಳಿಗ್ಗೆ ಮೊಗ್ಗು ಕೊಯ್ದು ತಂದು ಮಲ್ಲಿಗೆ ಕಟ್ಟುತ್ತೇನೆ. ಒಂದು ಚೆಂಡಿಗೆ 800 ಹೂವು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬಾಳೆನಾರಿನಲ್ಲಿ ಕಟ್ಟುವಾಗ ಕೈಗೂ ಕಣ್ಣಿಗೂ ಬಿಡುವಿಲ್ಲ. ಕಿವಿಗೆ ಬಿಡುವು ಉಂಟು. ಆಗ ಫೋನ್ ನನ್ನ ಹತ್ತಿರವೇ ಇರುತ್ತದೆ, ಎಲ್ಲರೂ ಮಲಗಿರುತ್ತಾರೆ. ಯಾರಾದರೂ ಓದಿ ಹೇಳಿದರೆ ನಾನು ಕೇಳಬಹುದಿತ್ತು.


ಬಾವುಟಗುಡ್ಡೆ ಓದುಗಿ:

ತಂಗಿ, ನೀವು ತಪ್ಪೇನೂ ಬರೆದಿಲ್ಲ. ನಾನು ಹನ್ನೊಂದು ವರ್ಷ ಟ್ರಂಕಿನ ಬಗ್ಗೆ ಯೋಚಿಸಿದೆ, ಕಿವಿಯ ಬಗ್ಗೆ ಯೋಚಿಸಿಯೇ ಇರಲಿಲ್ಲ. ನಾನು ಓದಿ ಹೇಳುತ್ತೇನೆ. ಬರೆದಷ್ಟು ಬರೆದಷ್ಟು ಓದಿ ಕಳಿಸುತ್ತೇನೆ, ಒಂದೊಂದು ಅರ್ಧ ಗಂಟೆಯದ್ದು. ಫೈಲಿಗೆ ಅಡುಗೆ ಅಂತಲೋ ಏನೋ ಹೆಸರಿಡುತ್ತೇನೆ. ಇಯರ್‌ಫೋನ್ ಒಂದೇ ಕಿವಿಗೆ ಹಾಕಿ, ಇನ್ನೊಂದು ಕಿವಿ ಮನೆಯ ಕಡೆ ಇರಲಿ. ಕೇಳಿದ ಮೇಲೆ ಅಳಿಸಿ.


ಕುಂದಾಪುರದ ಹಿರಿಯ:

ಅಮೆರಿಕದಲ್ಲಿ ವಯೋಲಾ ಜಾನ್ಸನ್ ಅಂತ ಹಿರಿಯಾಕೆ ಒಬ್ಬರು ಕಾರ್ಟರ್ ಜಾನ್ಸನ್ ಲೆದರ್ ಲೈಬ್ರರಿ ಕಟ್ಟಿದ್ದಾರೆ. ಅವರು ಪುಸ್ತಕವನ್ನೇ ಗಾಡಿಯಲ್ಲಿ ಹೇರಿಕೊಂಡು ಊರೂರಿಗೆ ಹೋಗಿ, ಜನ ಕೈಯಲ್ಲಿ ಹಿಡಿದು ಓದುವ ಹಾಗೆ ಹರಡಿಡುತ್ತಾರೆ. ನಮ್ಮ ಯಕ್ಷಗಾನ ಮೇಳದ ತಿರುಗಾಟದ ಹಾಗೆ. ನಾವೂ ಹಾಗೆ ಮಾಡಬಹುದು. ಮಳೆಗಾಲದಲ್ಲಿ ಟ್ರಂಕ್ ಊರಲ್ಲೇ ಇರಲಿ, ದೀಪಾವಳಿ ಕಳೆದ ಮೇಲೆ ಹೊರಡಲಿ, ಮಳೆಗಾಲಕ್ಕೆ ಮೊದಲು ಪತ್ತನಾಜೆಗೆ ವಾಪಸ್ ಬರಲಿ. ನನ್ನ ಹತ್ತಿರ ಒಂದು ಓಮ್ನಿ ಉಂಟು.

ಹುಳಕ್ಕೆ ಬೇವಿನ ಸೊಪ್ಪು ಒಣಗಿಸಿ ಬಟ್ಟೆಯಲ್ಲಿ ಕಟ್ಟಿ ಇಡಿ, ಬೂಸ್ಟಿಗೆ ಔಷಧಿ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣ ಬಿಸಾಡಬೇಡಿ. ಲೆದರನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಡಿ, ಹತ್ತಿ ಬಟ್ಟೆಯಲ್ಲಿ ಸುತ್ತಿ, ಪುಸ್ತಕದಿಂದ ದೂರ ಇಡಿ.


ಬಾವುಟಗುಡ್ಡೆ ಓದುಗಿ:

ಬೆಲ್ಟನ್ನು ಬೇರೆ ಕಡೆ ಇಟ್ಟೆ, ಮಾಮ.

ಟ್ರಂಕಿನಿಂದ ಒಯ್ಯುವವರಿಗೆ ಕ್ರಮ ಹೊಸಬರು ಕೇಳಿದ್ದಾರೆ. 18 ಆಗದವರಿಗೆ ಕೊಡುವುದಿಲ್ಲ, ಇದರಲ್ಲಿ ರಿಯಾಯಿತಿ ಇಲ್ಲ. ಬಳಗದ ಒಬ್ಬರಿಗೆ ಪರಿಚಯ ಇರಬೇಕು. ಮೊದಲ ಭೇಟಿ ಯಾವಾಗಲೂ ಹೋಟೆಲಿನಲ್ಲಿ, ಹಗಲು ಹೊತ್ತು, ಚಾ ಬನ್ಸ್ ಜೊತೆ. ಸಮಯಕ್ಕೆ ಗಡುವಿಲ್ಲ, ಬೇರೆಯವರು ಕೇಳಿದರೆ ಹೇಳುತ್ತೇನೆ. ರಿಜಿಸ್ಟರಿನಲ್ಲಿ ನಿಮ್ಮ ಹೆಸರು ಬರೆಯುವುದಿಲ್ಲ, ಮೀನಿನ ಹೆಸರು ಬರೆಯುತ್ತೇನೆ. ಬಂಗುಡೆ, ಅಂಜಲ್, ಬೂತಾಯಿ, ಕಾಣೆ, ಮುರು ಎಲ್ಲ ಹೋಗಿ ಆಯಿತು. ನೇತ್ರಾವತಿ ದಂಡೆ, ನಿಮಗೆ ಅರ್ಧಕ್ಕೆ ನಿಂತ ಎರಡು ಪುಸ್ತಕದಲ್ಲಿ ಒಂದು ನನ್ನ ಹತ್ತಿರ ಉಂಟು, 29ನೇ ನಂಬರ್. ಬಂದು ಒಯ್ಯಿರಿ. ನಿಮ್ಮ ಹೆಸರು ಮಾಂಜಿ ಅಂತ ಬರೆದಿದ್ದೇನೆ.

ಮೊದಲ ಅಧ್ಯಾಯ ಗಾಳಿ ಬರೆದು ಕೊಟ್ಟ, ಮೇಡಂ ತಿದ್ದಿದರು, ನಿನ್ನೆ ರಾತ್ರಿ ಕಿಟಕಿ ಮುಚ್ಚಿ ಓದಿ ರೆಕಾರ್ಡ್ ಮಾಡಿ ಕಳಿಸಿದೆ. ಹಿಂದೆ ಮಳೆಯ ಸದ್ದು ಬಂದಿದೆ, ಹೊಂದಿಸಿಕೊಳ್ಳಿ.


ಶಂಕರಪುರ ಮಲ್ಲಿಗೆ:

ಅಕ್ಕ, ಇವತ್ತು ನಾಲ್ಕೂವರೆಗೆ ಎದ್ದೆ. ಮಳೆಗೆ ಮೊಗ್ಗು ಕಡಿಮೆ. ಅರ್ಧ ಚೆಂಡು ಆಗುವಷ್ಟರಲ್ಲಿ ಕೇಳಿ ಮುಗಿಯಿತು, ಇನ್ನೊಮ್ಮೆ ಹಾಕಿದೆ. ತೋಳಿನ ನರ ಎಲ್ಲಿ ಬರುತ್ತದೆ ಅಂತ ನನ್ನ ಕೈ ಮೇಲೇ ಮುಟ್ಟಿ ನೋಡಿಕೊಂಡೆ. ರಾತ್ರಿ ಇವರಿಗೂ ತೋರಿಸುತ್ತೇನೆ. ಎರಡನೆಯದು ಯಾವಾಗ ಕಳಿಸುತ್ತೀರಿ?